ಮಾರ್ತಾಳ ಹೊಸಿಲಿಗೆ ನೀನು ಚೆಲ್ಲಿದ ಸುಣ್ಣ

ಅಪ್ಪಾ,

ಈ ವಾರವೆಲ್ಲ ನಿನ್ನ ಮೇಲೆ ಕೋಪ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಎಲ್ಲ ನಿನ್ನ ಆ ರಟ್ಟು ಕಿತ್ತ ದಪ್ಪ ಕಾದಂಬರಿಯ ದೆಸೆಯಿಂದ. ನೂರಾರು ವರ್ಷ ಹಿಂದಿನ ಯುರೋಪಿನ ಒಂದು ಊರು, ಎಷ್ಟು ಕಟ್ಟಿದರೂ ಮುಗಿಯದ ಇಗರ್ಜಿ, ಕಲ್ಲು ಕೆತ್ತುವವನ ಮಗಳು ಮಾರ್ತಾ. ನೆನಪಿದೆಯಾ?

ನಿನ್ನ ಹಿರಿಮಗಳು, ನಮ್ಮ ಲಲಿತಕ್ಕ ಜ್ವರದಲ್ಲಿ ತೀರಿಕೊಂಡ ವರ್ಷ ನೀನು ಅದನ್ನು ಓದಲು ಶುರುಮಾಡಿದೆ. ಹೊಂಗನೂರಿನ ನಮ್ಮ ಹುಳುಮನೆಯಲ್ಲಿ ನಾನೂ ಅವ್ವನೂ ರೇಷ್ಮೆಗೂಡು ಬಿಡಿಸುತ್ತಿದ್ದೆವು. ನೀನು ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಕತೆಯ ಆ ಊರಿಗೆ ಪ್ಲೇಗು ಬಂತು. ಮಾರ್ತಾಳ ಅಪ್ಪ ಹೊಸಿಲಿಗೆ ಸುಣ್ಣ ಚೆಲ್ಲಿದ, ಕಾಲು ತೊಳೆಯದವರನ್ನು ಒಳಗೆ ಬಿಡಲಿಲ್ಲ, ಮಗಳು ಉಳಿದಳು. ಹುಳುವಿಗೆ ರೋಗ ತಗುಲಬಾರದೆಂದು ನಾವು ಮಾಡುವ ಹಾಗೇ! ಎಂಥ ಬುದ್ಧಿವಂತರಪ್ಪ ಆ ಜನ ಅಂದುಕೊಂಡಿದ್ದೆ. ಅವ್ವ ಗೂಡಿನ ಪ್ರತಿ ಬೆಳೆಗೂ ನಿನ್ನಿಂದ ಅದನ್ನೇ ಓದಿಸಿದಳು.

ನೀನು ತೀರಿಕೊಂಡ ಮೇಲೆ ಇದು ಮೊದಲ ಬೆಳೆ. "ಆ ಕತೆ ನೀನೇ ಓದು ಕಣ್ಲಾ" ಅಂದಳು ಅವ್ವ. ಮೊದಲು ನಾನೊಮ್ಮೆ ನೋಡಿಕೊಳ್ಳೋಣವೆಂದು ಕೂತೆ. ಇಗರ್ಜಿ ಕಟ್ಟಲು ನಿಲ್ಲಿಸಿದ ಸಾರುವೆ, ಸಂತೆಯ ಉಣ್ಣೆ, ರೊಟ್ಟಿ ಸುಡುವ ಒಲೆ, ಎಲ್ಲ ನೀನು ಓದಿದಂತೆಯೇ ಇದೆ. ಸುಣ್ಣ ಮಾತ್ರ ಎಲ್ಲಿಯೂ ಇಲ್ಲ. ಮಾರ್ತಾ ಸಾಯುತ್ತಾಳೆ ಅಪ್ಪಾ! ಎರಡೇ ಸಾಲಿನಲ್ಲಿ. ಅಲ್ಲ, ಇಷ್ಟು ವರ್ಷ ರಾಜಾರೋಷವಾಗಿ ಸುಳ್ಳು ಓದಿದೆಯಲ್ಲ, ಈಗ ನಾನೇನು ಓದಲಿ? ಇದ್ದದ್ದು ಇದ್ದ ಹಾಗೆ ಓದಿದರೆ ಅವ್ವ... ಓದದಿದ್ದರೆ ನಾನೂ ನಿನ್ನ ಹಾಗೇ...

ನಿನ್ನೆ ಮಧ್ಯಾಹ್ನ ಅವ್ವನಿಗೆ ಓದುತ್ತಿರುವಾಗ ಆ ಜಾಗ ಬಂದೇಬಿಟ್ಟಿತು. ಪುಸ್ತಕದಿಂದ ಕಣ್ಣೆತ್ತಿದೆ. ಕೊನೆಗೆ ನಾನೂ ಮಾರ್ತಾಳ ಹೊಸಿಲಿಗೆ ಸುಣ್ಣ ಚೆಲ್ಲಿದೆ.

ಅವ್ವ ಗೂಡು ಬಿಡಿಸುತ್ತಲೇ ಅಂದಳು: "ನಿಮ್ಮಪ್ಪನೂ ಇಲ್ಲಿಗ್ ಬಂದ್ರೆ ಪುಸ್ತಕ ನೋಡ್ದೆ ಓದೋರು ಕಣ್ಲಾ."

"ನಿಂಗ್ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಇಸ್ಕೂಲಿಗೆ ಹೋಗ್ನಿಲ್ಲ ಅಂದ್ರೆ ಕಣ್ಣೂ ಇಲ್ವಾ ನಂಗೆ? ಲಲಿತ ಹೋದ್ಮೇಲೆ ತಟ್ಟೆ ಮುಂದೆ ಸುಮ್ಕೆ ಕೂತ್ಕೊಂಬುಡೋರು. ಆ ಹುಡ್ಗೀನ ಉಳಿಸ್ಕೊಂಡ ದಿವ್ಸ ಮಾತ್ರ ಒಸಿ ಉಣ್ಣೋರು. ಅದ್ಕೇ ಓದುಸ್ತಿದ್ದೆ."

ಅವ್ವನಿಗೋಸ್ಕರ ಓದುತ್ತಿದ್ದೇನೆ ಅಂದುಕೊಂಡೇ ಹೋಗಿಬಿಟ್ಟೆಯಲ್ಲ, ಅಪ್ಪಾ.

ಆಮೇಲೆ ಕೈ ತೊಳೆದು ಇಬ್ಬರೂ ಉಂಡೆವು. ಮುಂದಿನ ಬೆಳೆಗೂ ಮಾರ್ತಾಳನ್ನು ಉಳಿಸುತ್ತೇನೆ.