ನೀವು ಹೆಸರಿಟ್ಟ ಕಾಯಿಲೆ

ಭದ್ರಾವತಿ
೧೧ ಫೆಬ್ರವರಿ ೨೦೨೫

ಜ್ಞಾನೇಶ್ ಅವರಿಗೆ,

ಸೌಂದರ್ಯಳ ನಮಸ್ಕಾರ. ಅಮ್ಮ ಆರಾಮಾಗಿದ್ದಾರೆ. ನಾನು ತವರಿಗೆ ಬಂದ ಮೇಲೆ ನೀವು ಶಿವಮೊಗ್ಗದಿಂದ ದಿನಾ ಫೋನ್ ಮಾಡುತ್ತೀರಿ, ನಾನು ಹೂಂ ಎಂದಷ್ಟೇ ಹೇಳಿ ಇಡುತ್ತೇನೆ. ನನ್ನ ಮಾತು ಕಡಿಮೆಯಾಯಿತೆಂದು ನಿಮಗೆ ಸಮಾಧಾನವೂ ಆಗಿರಬಹುದು. ಇವತ್ತು ಹೇಳಬೇಕಾದ್ದು ತುಂಬ ಇದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮಾವನವರು ಹಾಸಿಗೆ ಹಿಡಿದಾಗ ಅವರಿಗೆ ಕಣ್ಣೂ ಮಂಜಾಗಿತ್ತು. ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದೆ. ನಮ್ಮ ಹೊಸಮನೆ ಬಡಾವಣೆಯ ಬೀದಿಯಲ್ಲಿ ಯಾರ ಮನೆಗೆ ಬಣ್ಣ ಹೊಡೆದರು, ಸೊಪ್ಪಿನವಳು ಏನಂದಳು, ಎಲ್ಲ. "ನೀನು ಮಾತಾಡ್ತಿದ್ರೆ ಬೀದೀಲಿ ಓಡಾಡ್ದಂಗಾಗುತ್ತೆ ಕಣಮ್ಮ" ಎನ್ನುತ್ತಿದ್ದರು. ಹಾಗೇ ಒಂದು ದಿನ ಅಂದರು: "ಮಹಡಿ ಮೇಲಿನ ಮನೆ ನಮ್ಮ ವೀಣಂಗೆ ಸೇರ್ಬೇಕು. ಗಂಡ ಇಲ್ದೋಳು, ಎಷ್ಟು ವರ್ಷ ಬಾಡಿಗೆ ಮನೇಲಿರ್ತಾಳೆ? ಜ್ಞಾನೇಶಂಗೂ ಹೇಳಿದೀನಿ, ಆಯ್ತು ಅಂದಿದಾನೆ."

ನೀವು ಒಪ್ಪಿದ್ದೀರಿ ಎಂದೇ ನಂಬಿದ್ದೆ. ಆದ್ದರಿಂದ ಅವರು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ ನಿಮ್ಮ ತಂಗಿ ವೀಣಾ ಅಳುತ್ತ ಕೂತಿದ್ದಾಗ, ಅವಳ ಕೈ ಹಿಡಿದು ಅದನ್ನು ಹೇಳಿದೆ. ಅದನ್ನು ನಿಮ್ಮ ಸೋದರಮಾವ ಮೂರ್ತಪ್ಪನವರೂ ಕೇಳಿಸಿಕೊಂಡು, ಹೌದೇನೋ ಎಂದು ನಿಮ್ಮ ಕಡೆ ತಿರುಗಿದರು. ನೀವು ಅವರ ಪಕ್ಕಕ್ಕೆ ಸರಿದು ಕೂತಿರಿ. ಆಮೇಲೆ ತಗ್ಗಿದ ದನಿಯಲ್ಲಿ, "ಮಾವ, ಇವಳಿಗೆ ಲಾಗೊರಿಯಾ ಅಂತ ಒಂದು ಕಾಯಿಲೆ. ಮಾತು ನಿಲ್ಲಲ್ಲ. ಬೇರೆಯೋರು ಹೇಳಿದ್ದು ಯಾವ್ದು, ತಾನೇ ಅಂದ್ಕೊಂಡಿದ್ದು ಯಾವ್ದು, ಇವಳಿಗೇ ಗೊತ್ತಾಗಲ್ಲ" ಎಂದಿರಿ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು ಹೇಳಿದ ಮೇಲೆ ಯಾರು ಅನುಮಾನಿಸುತ್ತಾರೆ? ಎಲ್ಲರೂ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದರು. ವೀಣಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ನಾನೂ ನಿಮ್ಮನ್ನೇ ನಂಬಿದೆ. ಮನೆಗೆ ಬಂದು ಕೇಳಿದಾಗ ನೀವು ನನ್ನ ತಲೆ ಸವರಿ, "ಹೆದರ್ಬೇಡ, ಮಾತು ಕಡಿಮೆ ಮಾಡು, ತಾನಾಗೇ ಹೋಗುತ್ತೆ" ಎಂದಿರಿ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆ ತಲೆ ಸವರಿದ್ದನ್ನು ಮರೆಯಲಾಗುತ್ತಿಲ್ಲ.

ಅಂದಿನಿಂದ ಬಾಯಿಗೆ ಬಂದ ಮಾತನ್ನೆಲ್ಲ ನುಂಗಿದೆ. ಸೊಪ್ಪಿನವಳು, "ಯಾಕಕ್ಕ, ಹುಷಾರಿಲ್ವಾ?" ಎಂದು ಕೇಳಿದರೆ ತಲೆಯಾಡಿಸಿ ಒಳಗೆ ಬಂದೆ. ಬರಬರುತ್ತ, ಮಾವನವರು ಹಾಗೆ ಹೇಳಿದ್ದರೋ ಇಲ್ಲವೋ ಎಂದು ನನಗೇ ಸಂಶಯ ಬಂತು. ಅವರ ದನಿ ನೆನಪಿದೆ, ಆದರೆ ಅದು ನನ್ನ ಕಾಯಿಲೆಯ ದನಿಯಾಗಿದ್ದರೆ?

ಹೋದ ವಾರ ಇಲ್ಲಿ ಡಾಕ್ಟರ್ ಸಮತಾ ಎನ್ನುವವರ ಹತ್ತಿರ ಹೋಗಿ, "ನಂಗೆ ಲಾಗೊರಿಯಾ ಇದೆ ಮೇಡಂ, ಮಾತ್ರೆ ಬರ್ಕೊಡಿ" ಎಂದೆ. ಯಾವ ಡಾಕ್ಟರು ಹೇಳಿದ್ದು ಎಂದರು. ಡಾಕ್ಟರಲ್ಲ, ನಮ್ಮ ಯಜಮಾನರು ಎಂದೆ. ಅವರು ಪೆನ್ನು ಕೆಳಗಿಟ್ಟು ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು: "ಮೆದುಳಿಗೋ ಮನಸ್ಸಿಗೋ ಪೆಟ್ಟಾಗಿ ಮಾತು ಹಿಡಿತ ತಪ್ಪಿ ಹರಿಯುತ್ತಲ್ಲ, ಅದಕ್ಕೆ ನಾವು ಆ ಪದ ಬಳಸ್ತೀವಿ. ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ರ ಕೊಡ್ತಿದ್ದೀರಿ, ನಾನು ಮಾತಾಡಿದ್ರೆ ನಿಲ್ಲಿಸ್ತೀರಿ. ನಿಮಗೆಲ್ಲಿದೆ ಅದು? ಜಾಸ್ತಿ ಮಾತಾಡೋರನ್ನ ಹಂಗಿಸೋಕೂ ಇಂಗ್ಲಿಷಲ್ಲಿ ಅದೇ ಪದ ಹೇಳ್ತಾರೆ. ನಾವು ಬಾಯಿಬಡುಕಿ ಅಂತೀವಲ್ಲ, ಹಂಗೆ."

ಬಾಯಿಬಡುಕಿ ಎಂದೇ ಅನ್ನಬಹುದಿತ್ತು ನೀವು. ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ, ಆದರೆ ನನ್ನ ಮಾತನ್ನು ಯಾರೂ ಸುಳ್ಳೆನ್ನುತ್ತಿರಲಿಲ್ಲ. ಅದು ನಿಮಗೂ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನ ಈ ಹುಡುಗಿಯ ಮಾತೇ ನನಗೆ ಇಷ್ಟ ಎಂದವರು, ಒಂದು ಮನೆಗಾಗಿ ನನ್ನ ಬುದ್ಧಿಯ ಮೇಲೆ ನನಗೇ ನಂಬಿಕೆ ಹೋಗುವಂತೆ ಮಾಡಿದಿರಿ.

ಕ್ಲಿನಿಕ್ಕಿನಿಂದ ಬಸ್‌ಸ್ಟ್ಯಾಂಡಿನವರೆಗೂ ಅತ್ತುಕೊಂಡೇ ನಡೆದೆ. ಈಗ ಅಳು ನಿಂತಿದೆ. ಮೂರ್ತಪ್ಪನವರ ಎದುರಿಗೆ, ವೀಣಾಳ ಎದುರಿಗೆ, ಆ ಪದವನ್ನು ಯಾಕೆ ಬಳಸಿದಿರಿ ಎಂದು ಕನ್ನಡದಲ್ಲಿ ಹೇಳಿ. ಹೇಳುವವರೆಗೆ ನಾನು ಆ ಮನೆಗೆ ಬರುವುದಿಲ್ಲ. ಹೇಳಿದ ಮೇಲೂ ಬರುತ್ತೇನೋ ಇಲ್ಲವೋ, ಈಗ ಮಾತು ಕೊಡಲಾರೆ.

ಇಂತಿ,
ಸೌಂದರ್ಯ

ಮರೆತಿದ್ದೆ: ಆಯನೂರಿನ ನಿಮ್ಮ ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ನಿಮಗೆ ಹೇಳಿ ಹೊರಟ ಅತ್ತೆ, ನಿನ್ನೆ ಬಂದದ್ದು ಇಲ್ಲಿಗೆ. "ಅವ್ರು ವೀಣನ ವಿಷಯ ಹೇಳ್ದಾಗ ನಾನೂ ಬಾಗ್ಲಲ್ಲೇ ನಿಂತಿದ್ದೆ. ಅವತ್ತು ಮಗನ ಎದುರಿಗೆ ಬಾಯಿ ಬರ್ಲಿಲ್ಲ ಕಣೇ" ಎಂದರು. ಇಲ್ಲಿಂದ ನೇರ ವೀಣಾಳ ಮನೆಗೆ ಹೋದರು. ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಅವಳಿಗೆ ಎಲ್ಲ ತಿಳಿದಿರುತ್ತದೆ. ಅವರಿಗೆ ಊಟ ಬಡಿಸಿದೆ, ಬಸ್ಸಿಗೂ ಹತ್ತಿಸಿದೆ. ಒಂದು ಮಾತೂ ಆಡಲಾಗಲಿಲ್ಲ.