ಸಸ್ಪೆಂಡ್ ಅಂದ್ರೆ ಡಿಸ್ಮಿಸ್ ಅಲ್ಲ

ದಾವಣಗೆರೆ
೧೧-೯-೧೯೫೮, ಗುರುವಾರ

ನನ್ನ ಪ್ರೀತಿಯ ತಮ್ಮ ಸಣ್ಣತಿಮ್ಮಪ್ಪನಿಗೆ ಅಕ್ಕ ಓಬಕ್ಕನ ಆಶೀರ್ವಾದಗಳು.

ಹೆಂಗಿದೀಯೋ ಸಣ್ಣ? ಹೊತ್ತಿಗೆ ಸರಿಯಾಗಿ ಉಣ್ತೀಯಾ? ಹೊಳೆದಂಡೆ ಥಂಡಿಗಾಳಿಗೆ ನಿನ್ನ ಕೆಮ್ಮು ಜಾಸ್ತಿ ಆಗಿರ್ತೈತೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗು. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೀಬೇಕು, ಆದ್ರೆ ಅವ್ವ ನೀನು ಹೋದ ಹದಿನೈದು ದಿನದಿಂದ ಅರ್ಧ ರೊಟ್ಟಿಗೇ ಕೈ ತೊಳೀತಾಳೆ. ಬಳೆ ಮಾರೋ ಮಾಬೂಬೀ ಮೊನ್ನೆ ಬಂದು, ನಿಮ್ಮ ಹುಡುಗನ್ನ ಉಕ್ಕಡಗಾತ್ರಿಯಾಗೆ ನೋಡಿದೆ, ಅಜ್ಜಯ್ಯನ ಗುಡಿ ಅಡಿಗೆಮನೆಗೆ ನೀರು ಹೊರ್ತಿದ್ದ ಅಂದಾಗ ಅವ್ವ ಅವಳ ಕೈ ಹಿಡ್ಕೊಂಡು ಅತ್ತುಬಿಟ್ಲು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಲ್ಲೋ, ದೆವ್ವ ಹಿಡಿದೋರು ಬಿಡಿಸಿಕೊಳ್ಳಾಕೆ ಅಜ್ಜಯ್ಯನ ಹತ್ರ ಹೋಗ್ತಾರೆ. ನಿನಗೆ ಹಿಡಿದದ್ದು ಒಂದು ಇಂಗ್ಲಿಷ್ ಕಾಗದ! ಅದನ್ನ ಅಜ್ಜಯ್ಯ ಹೆಂಗೆ ಬಿಡಿಸ್ತಾನೆ?

ಆ ಕಾಗದ ನಿನ್ನ ಹಾಸಿಗೆ ಕೆಳಗೆ ಸಿಕ್ತು. ಮಿಲ್ಲಿನೋರು ಕೊಟ್ಟದ್ದನ್ನ ಗೇಟಿನ ಮುಂದಿನ ಚಾದಂಗಡಿ ಗುತ್ತೆಪ್ಪನ ಕೈಲಿ ಓದಿಸಿದೆಯಂತೆ, ಅವನನ್ನೇ ಕೇಳಿಕೊಂಡು ಬಂದೆ. ಸಸ್ಪೆಂಡ್ ಅನ್ನೋ ಮಾತು ನೋಡಿದ್ದೇ ತಡ, "ಮುಗೀತಪಾ, ಕೆಲಸದಿಂದ ತೆಗೆದು ಹಾಕ್ಯಾರೆ" ಅಂದನಂತೆ. ಗುತ್ತೆಪ್ಪ ಚಾ ಚೆನ್ನಾಗಿ ಮಾಡ್ತಾನೆ, ಇಲ್ಲ ಅನ್ನಲ್ಲ. ಅವನ ಇಂಗ್ಲಿಷ್ ನಂಬಿ ಮನೆ ಬಿಟ್ಟೋನು ಮಾತ್ರ ನೀನೊಬ್ಬನೇ! ನಾನು ಕಾಗದ ಮಡಿಚಿ ಸೆರಗಿಗೆ ಕಟ್ಟಿಕೊಂಡು ಮಂಡಿಪೇಟೆ ಹಿಂದಿನ ಓಣಿಯ ಶಕುಂತಲಮ್ಮ ಟೀಚರ ಮನೆಗೆ ಹೋದೆ. ಹೈಸ್ಕೂಲಿನಾಗೆ ಇಂಗ್ಲಿಷ್ ಕಲಿಸೋರು ಅವರು. ಕನ್ನಡಕ ಹಾಕ್ಕೊಂಡು ಎರಡೆರಡು ಸಲ ಓದಿದ್ರು. ಕೆಲಸದಿಂದ ಪೂರಾ ತೆಗೆಯೋದಕ್ಕೆ ಡಿಸ್ಮಿಸ್ ಅಂತಾರಂತೆ. ಸಸ್ಪೆಂಡ್ ಅಂದ್ರೆ ವಿಚಾರಣೆ ಮುಗಿಯೋ ತನಕ ತಡೆದು ಇಡೋದು. ಗಡಿಗೆ ತಗೊಂಡು ನೆಲುವಿಗೆ ಇಟ್ಟಂಗೆ ಅಂದ್ರು, ಒಲೆ ಮೇಲೂ ಇಲ್ಲ, ಒಡೆದೂ ಇಲ್ಲ. ಅಷ್ಟು ಕೇಳಿದ್ದೇ ಅವರ ಕಾಲಿಗೆ ಬಿದ್ದೆ ನೋಡು.

ಅಲ್ಲಿಗೇ ಬಿಡೋಳಲ್ಲ ನಾನು. ಕಾಗದದಾಗೆ ನೆಗ್ಲಿಜೆನ್ಸ್ ಅಂತ ಬೇರೆ ಬರೆದಿದ್ರು, ಅದು ಮಿಸ್ಟೇಕಾ ಅಂತ ಕೇಳಿದೆ. ಅಲ್ಲವಂತೆ. ನಾವು ಎಲ್ಲದಕ್ಕೂ ತಪ್ಪು ಅಂದು ಮುಗಿಸ್ತೀವಿ, ಇಂಗ್ಲಿಷಿನೋರು ಬೇರೆಬೇರೆ ಇಟ್ಟಾರೆ. ಉಪ್ಪು ಅಂತ ಸಕ್ಕರೆ ಹಾಕಿದ್ರೆ ಮಿಸ್ಟೇಕು. ಒಲೆ ಮೇಲೆ ಹಾಲಿಟ್ಟು ಕಟ್ಟೆಗೆ ಹರಟೆ ಹೊಡೆಯಾಕೆ ಹೋದ್ರೆ ನೆಗ್ಲಿಜೆನ್ಸು. ಹಂಗಾದ್ರೆ ಒಳಗೆ ಕೂಸು ಬಿದ್ದು ಚೀರಿತು ಅಂತ ಓಡಿದಾಗ ಹಾಲು ಉಕ್ಕಿದ್ರೆ ಏನಂತಾರ್ರಿ ಅಂದೆ. ಟೀಚರು ನನ್ನ ಮುಖ ನೋಡಿದ್ರು. ಆಮೇಲೆ ಹೇಳಿದ್ರು, ಎಕ್ಸ್‌ಕ್ಯೂಸ್ ಬೇರೆ, ರೀಸನ್ ಬೇರೆ, ಮೊದಲನೇದು ನೆಪ, ಎರಡನೇದು ಕಾರಣ, ಕಾಗದ ನೋಡಿದ್ರೆ ನಿನ್ನ ತಮ್ಮ ಎರಡೂ ಹೇಳಿಲ್ಲವಲ್ಲಮ್ಮ ಅಂತ.

ಕಾರಣ ನಿನಗೂ ಗೊತ್ತು, ನನಗೂ ಗೊತ್ತು. ಆವತ್ತು ಹರಿಹರದಾಗೆ ಗಂಡನ ಮನೆ ಬಿಟ್ಟು, ಗಂಟು ಹಿಡ್ಕೊಂಡು ಮೊದಲನೇ ಬಸ್ಸಿಗೆ ಬಂದೋಳು, ಅವ್ವನ ಮುಂದೆ ನಿಲ್ಲೋ ಧೈರ್ಯ ಇಲ್ಲದೆ ಸೀದಾ ಮಿಲ್ಲಿನ ಗೇಟಿಗೆ ಬಂದು ನಿನ್ನ ಕರೆಸಿದೆ. ಒಂದು ನಿಮಿಷಕ್ಕೆ ಅಂತ ಬಂದೋನು ನನ್ನ ಬಾತ ಕೆನ್ನೆ ನೋಡಿ ಕಾಲು ಗಂಟೆ ನಿಂತೆ. ಅಷ್ಟರಾಗೆ ಒಳಗೆ ನಿನ್ನ ಮೆಷೀನಿಗೆ ಹತ್ತಿ ಸಿಕ್ಕು ಬೆಲ್ಟು ಸುಟ್ಟುಹೋತು. ಎಲ್ಲಿಗೆ ಹೋಗಿದ್ದೆ ಅಂತ ಸಾಹೇಬ್ರು ಎಷ್ಟು ಕೇಳಿದ್ರೂ ನೀನು ಬಾಯಿ ಬಿಡಲಿಲ್ಲ. ಅಕ್ಕನ ಸುದ್ದಿ ಮಿಲ್ಲಿನೋರ ಬಾಯಿಗೆ ಬೀಳಬಾರದು ಅಂತ ಅಲ್ಲವೇನೋ? ಅವ್ವನ ಹತ್ರ ನಾನೂ ಮುಚ್ಚಿಟ್ಟು, ಶ್ರಾವಣಕ್ಕೆ ತವರಿಗೆ ಬಂದೀನಿ ಅಂದೆ, ಕೆನ್ನೆಗೆ ಬಸ್ಸಿನ ಕಂಬಿ ತಾಗಿತು ಅಂದೆ. ಹುಚ್ಚಪ್ಪ! ನನ್ನ ಮಾನ ಕಾಯಾಕೆ ಹೋಗಿ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆಯಲ್ಲೋ. ಇದನ್ನ ಬರೆಯುವಾಗ ಮಾತ್ರ ನನಗೆ ಅಳು ತಡೆಯಾಕೆ ಆಗವಲ್ದು.

ಬರೋ ಸೋಮವಾರ, ಹದಿನೈದನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ನಿನ್ನ ವಿಚಾರಣೆ. ಕಾಗದದ ಕೊನೇ ಸಾಲಿನಾಗೆ ಹಂಗಂತ ಐತೆ. ಗುತ್ತೆಪ್ಪ ಅಲ್ಲಿತನಕ ಓದೇ ಇಲ್ಲ, ಪುಣ್ಯಾತ್ಮ! ಆವತ್ತು ನೀನು ಹಾಜರಾಗದೆ ಇದ್ರೆ ಆಗ ನಿಜವಾಗ್ಲೂ ಡಿಸ್ಮಿಸ್ ಆಗ್ತೈತೆ ಅಂತ ಟೀಚರು ಹೇಳ್ಯಾರೆ. ಅಂಚೆಗೆ ಹಾಕಿದ್ರೆ ಎಂದು ಮುಟ್ಟುತ್ತೋ ಏನೋ, ಅದಕ್ಕೆ ಅಮಾಸೆ ಜನಕ್ಕೆ ಬಳೆ ಮಾರಾಕೆ ಅಲ್ಲಿಗೆ ಬರೋ ಮಾಬೂಬೀ ಕೈಯಾಗೆ ಕೊಡ್ತಿದೀನಿ. ಓದಿದ ಕೂಡಲೆ ಅಜ್ಜಯ್ಯಗೆ ಕೈಮುಗಿದು ಹೊರಡು. ಏನು ಹೇಳಲಿ ಅಂತ ಚಿಂತೆ ಮಾಡಬ್ಯಾಡ. ಅವ್ವ ನಿನ್ನ ನೀಲಿ ಅಂಗಿ ಒಗೆದು ಮಡಿಚಿ ಇಟ್ಟಾಳೆ. ನೀನು ನೀರು ಹೊತ್ತ ಪುಣ್ಯ ಅಜ್ಜಯ್ಯ ನಿನಗೇ ಕಟ್ಟಿಕೊಡಲಿ.

ಇಂತಿ, ಬೈದ್ರೂ ನಿನ್ನವಳೇ ಆದ ಅಕ್ಕ
ಓಬಕ್ಕ

ತಾ.ಕ.: ಮಾಬೂಬೀ ಬಾಗಿಲಾಗೆ ನಿಂತಾಳೆ, ಬಸ್ಸಿಗೆ ಹೊತ್ತಾತು ಅಂತಾಳೆ. ಬರೆಯಾಕೆ ಹೆದರಿ ಇದನ್ನ ಕೊನೇಗೆ ಇಟ್ಟೆ. ನಿನ್ನೆ ನಾನೇ ಮಿಲ್ಲಿನ ಆಫೀಸಿಗೆ ಹೋಗಿದ್ದೆ. ಗಂಡನ ಏಟು ತಾಳದೆ ಬಂದದ್ದು, ನಿನ್ನ ಗೇಟಿಗೆ ಕರೆಸಿದ್ದು, ಎಲ್ಲಾ ಸಾಹೇಬ್ರ ಮುಂದೆ, ಐದಾರು ಗುಮಾಸ್ತರು ಕೇಳೋ ಹಂಗೆ ಹೇಳಿದೆ. ಬರ್ಕೊಂಡು ನನ್ನ ಸಹಿ ಹಾಕಿಸಿಕೊಂಡ್ರು. ಇದನ್ನ ಮೊದಲೇ ಹೇಳಿದ್ರೆ ಕಾಗದ ಕೊಡೋ ಪ್ರಮೇಯನೇ ಇರಲಿಲ್ಲ, ಸೋಮವಾರ ಹುಡುಗನ್ನ ಕಳಿಸಮ್ಮ ಅಂದ್ರು. ಮನೆಗೆ ಬಂದು ಅವ್ವಗೂ ಹೇಳಿದೆ. "ಬಸ್ಸಿನ ಕಂಬಿಗೆ ಐದು ಬೆರಳು ಇರ್ತಾವೇನೇ, ನೀನಾಗೇ ಹೇಳಲಿ ಅಂತ ಸುಮ್ಮನಿದ್ದೆ" ಅಂದ್ಲು. ಇನ್ನು ನೀನು ಬಾಯಿ ಮುಚ್ಚಿಕೊಂಡು ಕಾಯಬೇಕಾದ್ದು ಏನೂ ಉಳಿದಿಲ್ಲ ಸಣ್ಣ. ಮನೆಗೆ ಬಾ.