ಎಡಗಡೆ ಮೇಲಿನ ಮೂಲೆ

೧೪ ಮಾರ್ಚ್ ೨೦೦೦, ಮಂಗಳವಾರ

ಗೊಬ್ಬರದ ಅಂಗಡಿ ಎಂದಿನಂತೆ ತೆಗೆದೆ. ವ್ಯಾಪಾರ ಡಲ್. ತಲೆಯೆಲ್ಲ ಪಂಚಾಯ್ತಿ ಕಡೆ.

ಗೆದ್ದ ಮೆಂಬರುಗಳು ಹದಿಮೂರು. ಅಧ್ಯಕ್ಷರನ್ನು ಆರಿಸುವವರು ಅವರೇ. ಈ ಸಲ ಸೀಟು ಮಹಿಳೆಗೆ. ನಮ್ಮ ಕಡೆಯಿಂದ ನನ್ನ ಹೆಂಡತಿ ಚನ್ನಾಜಮ್ಮ, ಆ ಕಡೆಯಿಂದ ಗೌರಾಂಬ. ನಮಗೆ ಏಳು, ಅವರಿಗೆ ಆರು. ಒಬ್ಬರು ಜಾರಿದರೂ ಮುಗಿಯಿತು. ಅಪ್ಪ ಆಸೆಪಟ್ಟು, ಕೂರದೆ ಕಣ್ಣು ಮುಚ್ಚಿದ ಕುರ್ಚಿ ಅದು. ಈ ಸಲ ನಮ್ಮ ಮನೆಗೆ ಬರಲೇಬೇಕು.

ಸಂಜೆ ಮಂಚಮ್ಮ ಗೌರಾಂಬನ ಕೊಟ್ಟಿಗೆ ಮುಂದೆ ನಿಂತಿದ್ದಳು. ನಮ್ಮ ಏಳರಲ್ಲಿ ಒಬ್ಬಳು ಅವಳು! ಕೇಳಿದರೆ, "ಎಮ್ಮೆಗೆ ಉಲ್ಲು ಕೇಳಕ್ಕೆ ಓಗಿದ್ದೆ ಸಾ" ಅಂದಳು. ಹುಲ್ಲು ನಮ್ಮ ಕಣದಲ್ಲಿ ಇಲ್ಲವೇ?

೧೭ ಮಾರ್ಚ್, ಶುಕ್ರವಾರ

ಏಳೂ ಜನರನ್ನು ಗುಡಿಗೆ ಕರೆದುಕೊಂಡು ಹೋಗಿ ಹಾಲು ಮುಟ್ಟಿಸಿ ಆಣೆ ಮಾಡಿಸಿದೆ. ಪುಟ್ಟಬಸವಯ್ಯ ಬೆರಳ ತುದಿ ಮಾತ್ರ ಅದ್ದಿದ. ಯಾಕೆ? ನನ್ನ ತಮ್ಮ ನಂಜೇಶನೂ ಮೆಂಬರು. "ಚಳಿಗೆ ಇರಬೇಕು ಬಿಡಣ್ಣ" ಅಂತ ನಕ್ಕ. ಮಾರ್ಚಿನಲ್ಲಿ ಎಂಥ ಚಳಿ…

೧೮ ಮಾರ್ಚ್

ರೊಟ್ಟಿ ತಟ್ಟುತ್ತಾ ಚನ್ನಾಜಿ ಅಂದಳು: "ರೀ, ನಾನು ಅಧ್ಯಕ್ಷೆ ಆದ್ರೆ ಮೊದ್ಲು ಮಂಚಮ್ಮನ ಬೀದಿಗೆ ಒಂದು ನೀರಿನ ಟ್ಯಾಂಕು." ಮೊದಲು ಆಗು ಅಂದೆ. ಅವಳ ಕಣ್ಣಲ್ಲಿ ಆಸೆ ಇತ್ತು. ಸುಳ್ಳು ಹೇಳಬಾರದು.

ಆದರೆ ಅವಳೂ ಗೌರಾಂಬನೂ ಹೆಡತಲೆ ಊರಿನವರು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ತಾಂಡವಪುರದ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ನಗುತ್ತಿದ್ದರು. ಚುನಾವಣೆ ಎದುರಿಗಿರುವಾಗ ನಗುವಂಥದ್ದು ಏನಿತ್ತು?

೨೨ ಮಾರ್ಚ್, ಬುಧವಾರ. ನಂಜನಗೂಡು

ಏಳೂ ಜನರನ್ನು ಸುಮೋದಲ್ಲಿ ತಂದು ಛತ್ರದಲ್ಲಿ ಇಟ್ಟಿದ್ದೇನೆ. ಓಟಿನ ದಿನ ಇಲ್ಲಿಂದ ನೇರ ಪಂಚಾಯ್ತಿ ಆಫೀಸಿಗೆ. ಅಲ್ಲಿಯವರೆಗೆ ಯಾರೂ ಒಬ್ಬೊಬ್ಬರೇ ಹೊರಗೆ ಹೋಗುವ ಹಾಗಿಲ್ಲ.

ಚನ್ನಾಜಿ ಮಾತ್ರ ಎಸ್‌ಟಿಡಿ ಬೂತಿಗೆ ಹೋಗಿ ಬಂದಳು. ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳು ನಂದಿತಾಗೆ ಫೋನು ಅಂದಳು. ಆಮೇಲೆ ಬೂತಿನವನನ್ನು ವಿಚಾರಿಸಿದೆ. ಮೈಸೂರು ನಂಬರೇ. ಸರಿ. ಆದರೂ…

೨೩ ಮಾರ್ಚ್

ಗುಟ್ಟಿನ ಓಟು. ಚೀಟಿಯಲ್ಲಿ ಹೆಸರಿನ ಮುಂದಿನ ಚೌಕದ ಮನೆಯಲ್ಲಿ ಇಂಟು ಮಾರ್ಕು ಹಾಕಬೇಕು. ಯಾರು ಹಾಕಿದರೋ ಯಾರು ಕೈಕೊಟ್ಟರೋ ಗೊತ್ತಾಗುವುದು ಹೇಗೆ? ಅದಕ್ಕೇ ಆ ಮನೆಯೊಳಗೇ ಒಬ್ಬೊಬ್ಬರಿಗೆ ಒಂದೊಂದು ಜಾಗ ಕೊಟ್ಟೆ. ಪುಟ್ಟಬಸವಯ್ಯನಿಗೆ ನಡುಮಧ್ಯ. ಮಂಚಮ್ಮನಿಗೆ ಬಲಗಡೆ ಕೆಳಗಿನ ಮೂಲೆ. ಹೀಗೇ. ಆಫೀಸರು ಚೀಟಿ ಬಿಡಿಸಿ ತೋರಿಸುವಾಗ ನಂಜೇಶ ಒಳಗಿದ್ದು ನೋಡಿಕೊಳ್ಳುತ್ತಾನೆ. ಕ್ಯಾಲೆಂಡರ್ ಹಾಳೆಯ ಹಿಂದೆ ಗೆರೆ ಎಳೆದು ಎಲ್ಲರಿಗೂ ಪ್ರಾಕ್ಟೀಸ್ ಮಾಡಿಸಿದೆ.

ಮಂಚಮ್ಮ ಪೆನ್ನು ಕೆಳಗಿಟ್ಟು, "ಆಲು ಮುಟ್ಸುದ್ರಿ. ಈಗ ಮೂಲೆ ಬ್ಯಾರೆ ಕೊಟ್ರಾ ಸಾ?" ಅಂದಳು. ಹಾಳೆಯನ್ನು ಅವಳ ಮುಂದಕ್ಕೆ ತಳ್ಳಿದೆ.

ಕೊನೆಗೆ ಚನ್ನಾಜಿಗೆ ಎಡಗಡೆ ಮೇಲಿನ ಮೂಲೆ. ಅದರ ಮೇಲಿನದೇ ಗೌರಾಂಬನ ಮನೆ, ನಡುವೆ ಒಂದೇ ಗೆರೆ. ಇನ್ನೂ ಮೇಲೆ ಹಾಕು, ಗೆರೆಗೆ ತಾಗೋ ಹಾಗೆ, ಇನ್ನೂ ಮೇಲೆ ಅಂದೆ. ನೀನು ಎಸ್ಸೆಸ್ಸೆಲ್ಸಿ, ಕಷ್ಟದ ಜಾಗ ನಿನಗೇ ಅಂದೆ. ನಿಜ ಏನೆಂದರೆ, ಅವಳ ಓಟೂ ನನಗೆ ಕಾಣಬೇಕಿತ್ತು. ನನ್ನ ಮುಖ ನೋಡಿದಳು. ಆಮೇಲೆ ಪೆನ್ನು ತೆಗೆದುಕೊಂಡಳು.

೨೪ ಮಾರ್ಚ್, ಓಟಿನ ದಿನ, ಬೆಳಿಗ್ಗೆ

ಸುಮೋ ಬಂತು. ತಲೆ ಎಣಿಸಿದೆ. ಏಳು. ಇನ್ನೊಮ್ಮೆ ಎಣಿಸಿದೆ.

೨೯ ಮಾರ್ಚ್, ಬುಧವಾರ

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ.

ಆರು–ಆರು. ನಮ್ಮದೊಂದು ಓಟು ಕುಲಗೆಟ್ಟಿತು. ಸಮ ಆಯಿತೆಂದು ಆಫೀಸರು ಇಬ್ಬರ ಹೆಸರನ್ನೂ ಬರೆದು ಲಾಟರಿ ಎತ್ತಿದರು. ಗೌರಾಂಬ. ನಾನು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದೆ.

ನಂಜೇಶನನ್ನು ಹುಡುಕಿದರೆ ಕಾಣಲಿಲ್ಲ, ಕಾಯುವ ತಾಳ್ಮೆಯೂ ಇರಲಿಲ್ಲ. ನೇರ ಮಂಚಮ್ಮನ ಮನೆ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಬೀದಿಯೆಲ್ಲ ಸೇರಿತು. ಅವಳು ಕೊಡ ಇಳಿಸಿ ಹೇಳಿದ್ದು ಇಷ್ಟೇ: "ನನ್ ಮೂಲೇಲೇ ಆಕಿವ್ನಿ ಸಾ. ನಿಮ್ ತಮ್ಮೋರ್ನೇ ಕೇಳಿ."

೨ ಏಪ್ರಿಲ್, ಭಾನುವಾರ

ತಪ್ಪಿಸಿಕೊಂಡು ತಿರುಗುತ್ತಿದ್ದ ನಂಜೇಶ ಇವತ್ತು ಸಿಕ್ಕ. ನೆಲ ನೋಡುತ್ತಾ ಹೇಳಿದ. "ಮಂಚಮ್ಮಂದು ಸರಿಯಾಗೇ ಇತ್ತು ಕಣಣ್ಣ. ಪುಟ್ಟಬಸವಯ್ಯಂದೂ ಸರಿ. ಕೆಟ್ಟಿದ್ದು ಎಡಗಡೆ ಮೇಲಿಂದು. ಗೆರೆ ದಾಟಿ ಗೌರಾಂಬನ ಮನೆಗೂ ಓಗ್ಬುಟ್ಟಿತ್ತು."

ನೇರ ಮನೆಗೆ ನಡೆದೆ.

ಚನ್ನಾಜಿ ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳಿದೆ. ತಲೆ ಎತ್ತಲಿಲ್ಲ. "ನೀವು ಹೇಳಿದ್ ಕಡೇನೇ ಹಾಕ್ದೆ. ಇನ್ನೂ ಮೇಲೆ, ಇನ್ನೂ ಮೇಲೆ ಅಂತ ನೀವೇ ಅಂದ್ರಲ್ಲ." ಮೊರ ಪಕ್ಕಕ್ಕಿಟ್ಟಳು. "ಬೇರೆಯವ್ರಿಗೆ ಮೂಲೆ ಕೊಟ್ರಿ, ಆಯ್ತು. ನನ್ ಓಟು ನಂಗೇ ಹಾಕ್ಕೊಳಕ್ಕೆ, ನಂಗ್ಯಾಕ್ರೀ ಮೂಲೆ?"



೫ ಏಪ್ರಿಲ್, ಯುಗಾದಿ

ಗೌರಾಂಬನ ಮನೆಯಿಂದ ಒಬ್ಬಟ್ಟು ಬಂತು. ಚನ್ನಾಜಿ ತೆಗೆದುಕೊಂಡಳು. ತಂದವಳ ಹತ್ತಿರ ಏನೋ ಹೇಳಿ ನಕ್ಕಳೂ ಕೂಡ. ನನ್ನ ಹತ್ತಿರ ಮಾತಿಲ್ಲ.

ಊಟವಾದ ಮೇಲೆ ಕ್ಯಾಲೆಂಡರ್ ಹಾಳೆ ಹರಿದು ಗೆರೆ ಎಳೆದೆ. ಎಡಗಡೆ, ಮೇಲಿನ ಮೂಲೆ. ಇಂಟು ಹಾಕಿದೆ. ಗೆರೆ ದಾಟಿತು. ಸದ್ಯ, ಯಾರ ಕೈಯಾದರೂ ದಾಟುತ್ತೆ ಅನ್ನಿಸಿ ಮನಸ್ಸು ಹಗುರಾಯಿತು. ಇನ್ನೊಂದು ಹಾಕಿದೆ. ದಾಟಲಿಲ್ಲ. ಇನ್ನೊಂದು. ದಾಟಲಿಲ್ಲ. ಹಾಗಾದರೆ ಅವಳು—

ಚನ್ನಾಜಿ ಬಾಗಿಲಲ್ಲಿ ನಿಂತಿದ್ದಾಳೆ. ಯಾವಾಗಿನಿಂದಲೋ. ಹಾಳೆಯನ್ನೇ ನೋಡುತ್ತಿ—